ಕಿಂಡಿಯಿಂದ ಕಂಡದ್ದು

ಓದುಗರ ಪ್ರಶ್ನೆಗಳಿಗೆ ಹಳೆಯ ಪ್ರೊಜೆಕ್ಟರ್ ಆಪರೇಟರ್ ಒಬ್ಬರ ಉತ್ತರ

ಹೊಸದಾಗಿ ಓದುತ್ತಿರುವವರಿಗೆ ನನ್ನ ಪರಿಚಯ ಹೇಳಿಬಿಡುತ್ತೇನೆ. 1974ರಲ್ಲಿ ಪಾಂಡವಪುರದ ಕಡೆಯ ಒಂದು ಟೂರಿಂಗ್ ಟಾಕೀಸಿನಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದೆ. ಆಮೇಲೆ ಮಂಡ್ಯದ ಒಂದು ಚಿತ್ರಮಂದಿರದಲ್ಲಿ ಮೂವತ್ತಮೂರು ವರ್ಷ ಪ್ರೊಜೆಕ್ಟರ್ ನಡೆಸಿದೆ. ಈಗ ಮೈಸೂರಿನ ಕುವೆಂಪುನಗರದಲ್ಲಿ ಮಗಳ ಮನೆಯಲ್ಲಿದ್ದೇನೆ. ಆಪರೇಟರ್‌ಗೆ ಚಿತ್ರ ಕಾಣುವುದು ಗೋಡೆಯ ಸಣ್ಣ ಕಿಂಡಿಯಿಂದ. ಅಲ್ಲಿಂದ ಪರದೆಯೂ ಕಾಣುತ್ತದೆ, ಪರದೆಯ ಮುಂದೆ ಕುಳಿತವರ ತಲೆಗಳೂ ಕಾಣುತ್ತವೆ. ಯಂತ್ರದ ಸದ್ದಿನಲ್ಲಿ ಮಾತು ಅರೆಬರೆ ಕೇಳುತ್ತದೆ. ಮಾತು ಕೇಳದೆಯೂ ಅರ್ಥವಾಗುವ ದೃಶ್ಯ ಬಂದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಕಿಂಡಿಗೆ ಮುಖ ಹಚ್ಚುತ್ತಿದ್ದೆ. ಇಂದಿಗೂ ನನ್ನ ಅಳತೆಗೋಲು ಅದೇ.

ಪ್ರಶ್ನೆ: ‘ತಿಥಿ’ ಚಿತ್ರವನ್ನು ಮಗ ಮೊಬೈಲಿನಲ್ಲಿ ತೋರಿಸಿದ. ನಮ್ಮ ಕಡೆಯವರೆಲ್ಲ ಕುಡುಕರು, ಬಾಯಿಹರುಕರು ಎಂದು ಜಗತ್ತಿಗೆ ಸಾರಿದಂತಾಯಿತಲ್ಲ ಎಂದು ಬೇಸರವಾಯಿತು. ನೀವೂ ಮಂಡ್ಯದ ಕಡೆಯವರೇ. ನಿಮಗೆ ಹಾಗನ್ನಿಸಲಿಲ್ಲವೇ?
(ರೈತರೊಬ್ಬರು, ಮದ್ದೂರು ತಾಲ್ಲೂಕು)

ಮೊದಲ ಹತ್ತು ನಿಮಿಷ ನನಗೂ ಹಾಗೇ ಅನ್ನಿಸಿತ್ತು ಗೌಡರೇ. ನೂರೊಂದು ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಕುಳಿತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದರೆ, ಅಕ್ಕಪಕ್ಕದ ಸೀಟಿನವರು ನಮ್ಮನ್ನು ನೋಡಿ ನಗುತ್ತಿದ್ದಾರೇನೋ ಎಂದು ಮೈ ಬಿಗಿಯಾಗಿತ್ತು. ಅಷ್ಟರಲ್ಲಿ ನನ್ನ ತಾತ ನೆನಪಾದರು. ಅವರೂ ಜಗಲಿಯ ಮೇಲೆ ಕುಳಿತು ಹಾಗೆಯೇ ಬೈಯುತ್ತಿದ್ದರು. ಬೈಸಿಕೊಂಡವರು ನಗುತ್ತಾ ಹೋಗುತ್ತಿದ್ದರು. ಒಂದು ದಿನ ತಾತ ಸುಮ್ಮನಿದ್ದರೆ, ‘ಗೌಡರಿಗೆ ಮೈ ಸರಿಯಿಲ್ಲವೇ’ ಎಂದು ನಾಲ್ಕು ಮನೆಯವರು ವಿಚಾರಿಸಿಕೊಂಡು ಬರುತ್ತಿದ್ದರು. ಆ ಬೈಗುಳ ನಮ್ಮೂರಿನಲ್ಲಿ ಮಾತನಾಡಿಸುವ ಒಂದು ಬಗೆ. ಅದು ಗೊತ್ತಿಲ್ಲದವರು ಆ ದೃಶ್ಯವನ್ನು ಬರೆಯಲಾರರು. ಗೊತ್ತಿದ್ದವರು ಚಿತ್ರದ ಒಳಗಿದ್ದರು: ನಿರ್ದೇಶಕ ರಾಮ್ ರೆಡ್ಡಿಯವರ ಜೊತೆ ಚಿತ್ರಕಥೆಗೆ ಕುಳಿತ ಈರೇಗೌಡರು, ಕಥೆ ನಡೆಯುವ ನಮ್ಮ ಜಿಲ್ಲೆಯ ನೊದೆಕೊಪ್ಪಲಿನವರೇ. ನಟಿಸಿದವರೂ ಕ್ಯಾಮೆರಾ ಮುಂದೆ ಎಂದೂ ನಿಂತಿರದ ಹಳ್ಳಿಯ ಜನ.

ಇನ್ನು ಕುಡಿತದ ಮಾತು. ಸೆಂಚುರಿ ಗೌಡನ ಮಗ ಗಡ್ಡಪ್ಪ ಕುಡಿಯುತ್ತಾನೆ, ನಿಜ. ಅವನ ಮಗ ತಮ್ಮಣ್ಣ ಕುಡಿತಕ್ಕಿಂತ ಕೆಟ್ಟದ್ದನ್ನು ಮಾಡುತ್ತಾನೆ. ಜಮೀನು ಮಾರುವ ಆಸೆಗೆ, ಬದುಕಿರುವ ಅಪ್ಪನ ಹೆಸರಿನಲ್ಲಿ ಮರಣ ಪ್ರಮಾಣಪತ್ರ ಮಾಡಿಸಲು ಓಡಾಡುತ್ತಾನೆ. ನಮ್ಮ ಎರಡು ಎಕರೆಯ ಪೌತಿ ಖಾತೆಗಾಗಿ ನಾನು ಒಂದು ಕಚೇರಿಗೆ ಹನ್ನೊಂದು ಸಲ ಅಲೆದವನು. ಪ್ರತಿ ಸಲವೂ ಒಂದು ಹೊಸ ಕಾಗದ ಬೇಕೆನ್ನುತ್ತಿದ್ದರು. ತಮ್ಮಣ್ಣ ಕಂಕುಳಲ್ಲಿ ಕಾಗದ ಇಟ್ಟುಕೊಂಡು ಬೆವರು ಒರೆಸಿಕೊಳ್ಳುವಾಗ ಅವನ ಮೇಲೆ ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು. ಕೇಡಿಗ ಎಂದು ಒಬ್ಬನನ್ನೂ ಬೆರಳು ಮಾಡಿ ತೋರಿಸದೆ ಒಂದು ಮನೆಯ ಮೂರು ತಲೆಮಾರನ್ನು ನಿಲ್ಲಿಸಿದ ಚಿತ್ರ ನಮ್ಮಲ್ಲಿ ಎಷ್ಟಿವೆ ಹೇಳಿ.

ಗಡ್ಡಪ್ಪ ಕುರಿಗಾಹಿಗಳ ನಡುವೆ ಕುಳಿತು ತನ್ನ ಮನೆಯಲ್ಲಿ ಹಿಂದೆ ನಡೆದದ್ದನ್ನು ಹೇಳುವ ಘಟ್ಟವನ್ನು ಇನ್ನೊಮ್ಮೆ ನೋಡಿ. ಏನು ಹೇಳುತ್ತಾನೆಂದು ಇಲ್ಲಿ ಬರೆಯುವುದಿಲ್ಲ, ನೋಡದವರು ಇದ್ದಾರೆ. ಅವನು ಅಳುವುದಿಲ್ಲ, ಪಿಟೀಲು ಕೊಯ್ಯುವುದಿಲ್ಲ, ಯಾರೂ ಎದ್ದು ಬಂದು ಭುಜದ ಮೇಲೆ ಕೈಯಿಡುವುದಿಲ್ಲ. ನಾನು ಚಿತ್ರಮಂದಿರದಲ್ಲಿ ನೋಡಿದ ದಿನ, ಅಲ್ಲಿಯವರೆಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರ ಸದ್ದು ಅಡಗಿಹೋಯಿತು. ನನ್ನ ಮುಂದಿನ ಸಾಲಿನಲ್ಲಿದ್ದವರೊಬ್ಬರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ 2015ರಲ್ಲಿ ಈ ಚಿತ್ರಕ್ಕೆ ಎರಡು ಪ್ರಶಸ್ತಿ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಮಾತು, ನಮ್ಮ ಹೊಲ, ನಮ್ಮ ಹನ್ನೊಂದನೆಯ ದಿನದ ಊಟವನ್ನು ಅವರು ಒಂದಿಷ್ಟೂ ಒರೆಸಿ ಹೊಳಪು ಮಾಡದೆ ಕೊಂಡೊಯ್ದರು. ಇನ್ನೊಂದು ಮಾತು: ಮೊಬೈಲ್ ಬೇಡ, ಮನೆಯವರೆಲ್ಲ ಕುಳಿತು ಟಿವಿಯಲ್ಲಿ ನೋಡಿ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ನಂಜನಗೂಡಿನ ಸುತ್ತಮುತ್ತ ಚಿತ್ರೀಕರಿಸಿದರು ಎಂದು ಬರೆದಿದ್ದೀರಿ. ಅದು ನಮ್ಮ ಆಗುಂಬೆ. ದಯವಿಟ್ಟು ತಿದ್ದಿಕೊಳ್ಳಿ.
(ಓದುಗರೊಬ್ಬರು, ತೀರ್ಥಹಳ್ಳಿ)

ತಿದ್ದಿಕೊಂಡಿದ್ದೇನೆ. ಆರ್.ಕೆ. ನಾರಾಯಣ್ ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಸಿಕೊಂಡು ಇದ್ದವರಾದ್ದರಿಂದ ಮಾಲ್ಗುಡಿಯನ್ನು ಮನಸ್ಸು ಇಲ್ಲಿಗೇ ಎಳೆಯುತ್ತದೆ. ಪುಸ್ತಕದ ಊರನ್ನೂ ಪರದೆಯ ಊರನ್ನೂ ಕಲಸಿಬಿಟ್ಟೆ. ನಿಮ್ಮ ಊರಿನ ದೊಡ್ಡಮನೆಯ ಜಗಲಿ ಮತ್ತು ಆ ಮಳೆ ಇಲ್ಲದಿದ್ದರೆ ಶಂಕರ್ ನಾಗ್ ಅವರ ಮಾಲ್ಗುಡಿಯೇ ಇಲ್ಲ.

ಪ್ರಶ್ನೆ: ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಪೀರಿಯಡ್‌ನಲ್ಲಿ ತೋರಿಸಿ ಚರ್ಚೆ ಮಾಡುವಂಥ ‘ಮಾಲ್ಗುಡಿ ಡೇಸ್’ ಕಂತು ಯಾವುದು? ಎಲ್ಲರೂ ಸ್ವಾಮಿಯ ಕಥೆಗಳನ್ನೇ ಹೇಳುತ್ತಾರೆ.
(ಶಿಕ್ಷಕಿ, ಕೆ.ಆರ್. ಪೇಟೆ)

ಸ್ವಾಮಿಯ ಕಥೆಗಳು ಚೆನ್ನಾಗಿಯೇ ಇವೆ. ಮಾಸ್ಟರ್ ಮಂಜುನಾಥ್ ಕಣ್ಣರಳಿಸಿದರೆ ಸಾಕಿತ್ತು. ಅಪ್ಪನ ಮಾತಿಗೆ ಹೆದರಿ ಒಂಟಿಯಾಗಿ ಮಲಗಿದ ಹುಡುಗ ಕತ್ತಲಲ್ಲಿ ಕಳ್ಳನ ಕಾಲು ಕಚ್ಚುವ ಕಂತನ್ನು ಮಕ್ಕಳು ಕೇಕೆ ಹಾಕಿ ನೋಡುತ್ತಾರೆ. ಆದರೆ ಚರ್ಚೆ ಬೇಕು ಎಂದಿರಲ್ಲ, ಅಂಚೆಯವನ ಕಂತನ್ನು ತೋರಿಸಿ: ‘ದಿ ಮಿಸ್ಸಿಂಗ್ ಮೇಲ್’.

ತಾನಪ್ಪ ಎಂಬ ಅಂಚೆಯವನು. ಕಾಗದ ಕೊಟ್ಟು ಮುಂದೆ ಹೋಗುವವನಲ್ಲ. ಪ್ರತಿ ಮನೆಯ ಕಷ್ಟಸುಖ ಕೇಳಿ, ಕುಳಿತು, ಮಾತನಾಡಿ ಹೋಗುವವನು. ಒಂದು ಮನೆಯ ಹುಡುಗಿಗೆ ಗಂಡು ಕುದುರುವುದಕ್ಕೂ ಅವನೇ ನೆರವಾಗುತ್ತಾನೆ. ಮದುವೆಯ ದಿನ ತಪ್ಪಿದರೆ ಗಂಡು ಕೈತಪ್ಪುತ್ತದೆ. ಅಷ್ಟರಲ್ಲಿ ಆ ಮನೆಗೆ ನೆಂಟರೊಬ್ಬರ ಕಾಯಿಲೆಯ ಕಾರ್ಡು ಬರುತ್ತದೆ, ಹಿಂದೆಯೇ ಸಾವಿನ ತಂತಿ. ಕೊಟ್ಟರೆ ಸೂತಕ, ಮದುವೆ ನಿಲ್ಲುತ್ತದೆ. ತಾನಪ್ಪ ಕೊಡುವುದಿಲ್ಲ. ಮದುವೆ ಮುಗಿದ ಮೇಲೆ ತಂದುಕೊಟ್ಟು, ಬೇಕಾದರೆ ದೂರು ಕೊಡಿ, ನನ್ನ ಕೆಲಸ ಹೋಗುತ್ತದೆ ಎಂದು ನಿಲ್ಲುತ್ತಾನೆ.

ಈ ಕಂತು ಬಂದಾಗ ನಾನು ನೋಡಿರಲಿಲ್ಲ. ಸಂಜೆಯ ಹೊತ್ತು ಆಪರೇಟರ್ ಮನೆಯಲ್ಲಿ ಇರುತ್ತಾನೆಯೇ? ಸೆಕೆಂಡ್ ಷೋ ಮುಗಿಸಿ ರಾತ್ರಿ ಒಂದು ಗಂಟೆಗೆ ಬಂದರೆ ನನ್ನ ಹೆಂಡತಿ ತಟ್ಟೆಗೆ ಮುದ್ದೆ ಹಾಕುತ್ತಾ ಆ ದಿನದ ಕಥೆ ಹೇಳುತ್ತಿದ್ದಳು. ಪಕ್ಕದ ಮನೆಯ ಟಿವಿ, ಧಾರಾವಾಹಿ ಹಿಂದಿಯಲ್ಲಿ, ಇವಳಿಗೆ ಹಿಂದಿಯ ಒಂದಕ್ಷರ ಬಾರದು. ಆದರೂ ತಾನಪ್ಪನ ಕಥೆಯನ್ನು ಒಂದು ಎಳೆ ಬಿಡದೆ ಹೇಳಿದಳು. ‘ಅವನು ಯಾಕೆ ಕೊಡಲಿಲ್ಲ ಅಂತ ಯಾರು ಹೇಳಿದರು ನಿನಗೆ’ ಎಂದು ಕೇಳಿದೆ. ‘ಅವನ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ’ ಎಂದಳು. ಎಷ್ಟೋ ವರ್ಷದ ಮೇಲೆ ಮರುಪ್ರಸಾರದಲ್ಲಿ ನಾನೇ ನೋಡಿದಾಗ ಅವಳು ಹೇಳಿದ್ದಕ್ಕಿಂತ ಹೆಚ್ಚಿನದು ನನಗೇನೂ ಸಿಗಲಿಲ್ಲ.

ಮಕ್ಕಳನ್ನು ಇಷ್ಟೇ ಕೇಳಿ: ತಾನಪ್ಪ ಮಾಡಿದ್ದು ಸರಿಯೇ? ಸತ್ತವರ ಮುಖ ನೋಡುವ ಹಕ್ಕು ಆ ಮನೆಯವರಿಗೆ ಇರಲಿಲ್ಲವೇ? ನಿಮ್ಮ ತರಗತಿ ಎರಡು ಪಾಲಾಗುತ್ತದೆ. ಎರಡನೆಯ ಆಯ್ಕೆ ‘ರುಪೀಸ್ ಫಾರ್ಟಿಫೈವ್ ಎ ಮಂತ್’. ಮಗಳನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದು ಮಾತು ಕೊಟ್ಟ ಗುಮಾಸ್ತನ ಕಥೆ. ಅವನು ಮನೆ ಸೇರುವ ಹೊತ್ತಿಗೆ ಮಗು ಹಾಕಿಕೊಂಡ ಬಟ್ಟೆಯಲ್ಲೇ ನಿದ್ದೆ ಹೋಗಿರುತ್ತದೆ. ನನಗೂ ಮಗಳಿದ್ದಾಳೆ. ಊರಿಗೆಲ್ಲ ಸಿನಿಮಾ ತೋರಿಸುತ್ತಿದ್ದ ನಾನು ಅವಳ ಪಕ್ಕ ಕುಳಿತು ಒಂದು ಇಡೀ ಚಿತ್ರ ನೋಡಿದ್ದು ಅವಳ ಮದುವೆಯಾದ ಮೇಲೆ.

ಪ್ರಶ್ನೆ: ಮೂರು ತಿಂಗಳ ಹಿಂದೆ ಸೊಸೆಗೆ ಹೆರಿಗೆಯಾಯಿತು. ಆಗಿನಿಂದ ಮಂಕಾಗಿದ್ದಾಳೆ, ಸುಮ್ಮಸುಮ್ಮನೆ ಅಳುತ್ತಾಳೆ. ಮೊನ್ನೆ ಟಿವಿಯಲ್ಲಿ ‘ಶರಪಂಜರ’ ಬಂತು. ಅವಳು ನೋಡಬಾರದೆಂದು ಬೇರೆ ಚಾನೆಲ್ ಹಾಕಿದೆ. ಮಗ, ಅದರಲ್ಲಿ ಕಲ್ಪನಾ ನಟನೆಯೇ ಅತಿಯಾಯಿತು, ನೋಡುವಂಥದ್ದೇನಿಲ್ಲ ಎನ್ನುತ್ತಾನೆ. ನಾನು ಮಾಡಿದ್ದು ಸರಿಯೇ?
(ಗೃಹಿಣಿ, ಶ್ರೀರಂಗಪಟ್ಟಣ)

ತಾಯಿ, ಚಿತ್ರದ ಮಾತು ಆಮೇಲೆ. ಮೊದಲು ಸೊಸೆಯನ್ನು ಈ ವಾರವೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೆರಿಗೆಯ ನಂತರ ಮನಸ್ಸು ಕುಗ್ಗುವುದು ಎಷ್ಟೋ ತಾಯಂದಿರಿಗೆ ಬರುವ ಕಾಯಿಲೆ; ಅದಕ್ಕೆ ಚಿಕಿತ್ಸೆ ಇದೆ, ವಾಸಿಯಾಗುತ್ತದೆ. ಗ್ರಹಚಾರ, ದೃಷ್ಟಿ ಎಂದು ಕಾಯಬೇಡಿ. ರಾತ್ರಿ ಮಗುವನ್ನು ನಿಮ್ಮ ಪಕ್ಕ ಹಾಕಿಕೊಂಡು ಅವಳಿಗೆ ನಾಲ್ಕು ಗಂಟೆ ನಿದ್ದೆ ಮಾಡಲು ಬಿಡಿ. ಈಗ ಆ ಚಿತ್ರ ಅವಳಿಗೆ ಬೇಡ. ಚಾನೆಲ್ ಬದಲಿಸಿದ್ದು ಒಳ್ಳೆಯದೇ ಆಯಿತು. ಆದರೆ ನಿಮ್ಮ ಮಗ ಅದನ್ನು ಪೂರ್ತಿ ನೋಡಲೇಬೇಕು.

ತ್ರಿವೇಣಿಯವರ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರ ಮಾಡಿದರು. ಕಾವೇರಿ ಎರಡನೆಯ ಹೆರಿಗೆಯ ನಂತರ ಮನಸ್ಸಿನ ಸ್ತಿಮಿತ ಕಳೆದುಕೊಂಡು ಆಸ್ಪತ್ರೆ ಸೇರುತ್ತಾಳೆ, ಗುಣವಾಗಿ ಮನೆಗೆ ಬರುತ್ತಾಳೆ. ನಿಜವಾದ ಕಥೆ ಶುರುವಾಗುವುದು ಅಲ್ಲಿಂದ. ಅವಳು ನಕ್ಕರೆ ಅನುಮಾನ, ಸಿಟ್ಟು ಮಾಡಿಕೊಂಡರೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಕಟ್ಟಿಕೊಂಡ ಗಂಡನೇ ದೂರ ಸರಿಯುತ್ತಾನೆ. ಕಾಯಿಲೆ ವಾಸಿಯಾದರೂ ‘ಹುಚ್ಚಿ’ ಎಂಬ ಹೆಸರು ವಾಸಿಯಾಗುವುದಿಲ್ಲ.

ಕಲ್ಪನಾ ಕೊನೆಯಲ್ಲಿ ಜೋರು ಮಾಡುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸಾಮಾನ್ಯವಾಗಿ ನನಗೆ ಮೆಲುದನಿಯ ನಟನೆಯೇ ಹಿಡಿಸುತ್ತದೆ. ಆದರೆ ಆ ಕೂಗು ಎಲ್ಲಿಂದ ಬಂತು ಎಂದು ನೋಡಬೇಕು. ಅದಕ್ಕೆ ಮೊದಲು ಅವಳು ಮೆಲ್ಲಗೆ ಹೇಳಿದ ಮಾತೆಲ್ಲ ಗೋಡೆಗೆ ಹೇಳಿದಂತಾಗಿರುತ್ತದೆ. ಮನೆಯಲ್ಲಿ ಒಬ್ಬರಾದರೂ ಕಿವಿಗೊಟ್ಟಿದ್ದರೆ ಕೂಗುವ ಅಗತ್ಯವೇ ಬರುತ್ತಿರಲಿಲ್ಲ. ಅತಿಯಾಯಿತು ಎನ್ನುವವರು ಕೊನೆಯ ಹತ್ತು ನಿಮಿಷವನ್ನು ಕಿತ್ತು ನೋಡಿದವರು.

1983ರ ಸುಮಾರಿಗೆ ನಮ್ಮಲ್ಲಿ ಇದನ್ನು ಬೆಳಗಿನ ಆಟಕ್ಕೆ ಮತ್ತೆ ಹಾಕಿದ್ದೆವು. ಒಬ್ಬ ಹೆಂಗಸು ಮೂರು ದಿನ ಸತತವಾಗಿ ಬಂದರು. ಬಾಲ್ಕನಿಯ ಕೊನೆಯ ಸಾಲು, ನನ್ನ ಕಿಂಡಿಯ ನೇರ ಕೆಳಗೆ. ಹಸಿರು ಸೀರೆ, ಕೈಯಲ್ಲಿ ವೈರ್ ಬ್ಯಾಗು. ಮೂರು ದಿನವೂ ಕೊನೆಯ ಎರಡು ರೀಲು ಇರುವಾಗಲೇ ಎದ್ದು ಹೋದರು. ಚಿತ್ರ ಹಿಡಿಸದವರು ಮತ್ತೆ ಮತ್ತೆ ಯಾಕೆ ಬರುತ್ತಾರೆ ಎಂದು ನನಗೆ ತಿಳಿಯಲಿಲ್ಲ. ನಾಲ್ಕನೆಯ ದಿನ ಗೇಟ್‌ಕೀಪರ್ ತಡೆಯಲಾರದೆ ಕೇಳಿಯೇಬಿಟ್ಟ. ‘ಅವಳು ಆಸ್ಪತ್ರೆಯಿಂದ ಮನೆಗೆ ಬರುವುದನ್ನು ನೋಡಲು ಬರುತ್ತೇನಪ್ಪ. ಆಮೇಲಿನದು ನನಗೆ ಗೊತ್ತು’ ಎಂದರಂತೆ. ಆ ದಿನದಿಂದ ಕಾವೇರಿ ಮನೆಗೆ ಬರುವ ರೀಲು ಓಡುವಾಗ ನಾನು ಯಂತ್ರಕ್ಕೆ ಬೆಳಕು ಕೊಡುವ ಎರಡು ಕಾರ್ಬನ್ ಕಡ್ಡಿಗಳ ಹತ್ತಿರದಿಂದ ಕದಲುತ್ತಿರಲಿಲ್ಲ. ಕಡ್ಡಿ ಉರಿದು ನಡುವಿನ ಅಂತರ ಹೆಚ್ಚಾದರೆ ಬೆಳಕು ಮಂಕಾಗುತ್ತದೆ. ಆ ಹತ್ತು ನಿಮಿಷ ಮಂಕಾಗಬಾರದು ಎಂದು ನನಗೆ ಹಟ.

ಪ್ರಶ್ನೆ: ಧಾರಾವಾಹಿಗಳಲ್ಲಿ ಕಥೆ ಯಾಕೆ ಮುಂದೆ ಹೋಗುವುದೇ ಇಲ್ಲ? ಆದರೂ ಬಿಡಲಾಗುತ್ತಿಲ್ಲ.
(ಓದುಗರೊಬ್ಬರು, ಮಳವಳ್ಳಿ)

ಸಾವಿರ ಅಡಿಯ ಒಂದು ರೀಲು ಹನ್ನೊಂದು ನಿಮಿಷ ಓಡುತ್ತದೆ. ಜಾಹೀರಾತು ಕಳೆದರೆ ದಿನದ ಒಂದು ಕಂತು ಹೆಚ್ಚೂಕಡಿಮೆ ಎರಡು ರೀಲು. ಹಳೆಯ ನಿರ್ದೇಶಕರು ಎರಡು ರೀಲಿನಲ್ಲಿ ಒಂದು ಹಳ್ಳಿಯನ್ನು ಪರಿಚಯಿಸಿ, ಜಗಳ ಹುಟ್ಟಿಸಿ, ಒಂದು ಹಾಡನ್ನೂ ಮುಗಿಸುತ್ತಿದ್ದರು. ಮೊನ್ನೆ ಸಂಜೆ ಮಗಳ ಪಕ್ಕ ಕುಳಿತು ಕಾಗದ ಹಿಡಿದು ಎಣಿಸಿದೆ. ಒಂದು ಮಾತ್ರೆಯ ಡಬ್ಬಿ ಕೆಳಗೆ ಬಿತ್ತು. ಅದು ಬಿದ್ದದ್ದನ್ನು ಒಂಬತ್ತು ಮುಖಗಳು ನೋಡಿದವು, ಪ್ರತಿ ಮುಖಕ್ಕೂ ಸಿಡಿಲಿನ ಸದ್ದು. ಅತ್ತೆಯ ಮುಖಕ್ಕೆ ಮೂರು ಸಲ. ಮಾರನೆಯ ದಿನ ಅದೇ ಡಬ್ಬಿ ಮತ್ತೊಮ್ಮೆ ಬಿತ್ತು.

ಬರೆಯುವವರನ್ನು ಮಾತ್ರ ದೂರಲಾರೆ. ವಾರಕ್ಕೆ ಐದಾರು ಕಂತು, ಮುಗಿಯುವ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ, ವಾರವಾರವೂ ಟಿಆರ್‌ಪಿ ಅಂಕಿ ಬಂದು ಕುತ್ತಿಗೆಯ ಮೇಲೆ ಕೂರುತ್ತದೆ. ಕೊನೆ ಗೊತ್ತಿಲ್ಲದ ಕಥೆಗೆ ನಡಿಗೆ ಎಲ್ಲಿಂದ ಬರಬೇಕು? ಸದಾನಂದ ಸುವರ್ಣರ ‘ಗುಡ್ಡದ ಭೂತ’ ಹದಿಮೂರು ಕಂತಿನಲ್ಲಿ ಮುಗಿದುಹೋಯಿತು. ಅದರ ಶೀರ್ಷಿಕೆ ಗೀತೆ ಶುರುವಾದರೆ ಹೊರಗೆ ಆಡುತ್ತಿದ್ದ ಮಕ್ಕಳು ಒಳಗೆ ಓಡುತ್ತಿದ್ದರು. ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ ‘ಮಾಯಾಮೃಗ’ 1998ರಲ್ಲಿ ದೂರದರ್ಶನದಲ್ಲಿ ದಿನವೂ ಬರುತ್ತಿತ್ತು, ಬಹಳ ಕಾಲ ಬಂತು. ಆದರೂ ಅದರ ಜನ ನೌಕರಿ ಹುಡುಕುತ್ತಿದ್ದರು, ಸಾಲಕ್ಕೆ ಹೆದರುತ್ತಿದ್ದರು, ನಮ್ಮ ನಿಮ್ಮ ಹಾಗೆ ಮಾತನಾಡುತ್ತಿದ್ದರು. ದಿನವೂ ಬರುವುದೇ ತಪ್ಪಲ್ಲ. ನೋಡುವವರಿಗೆ ಒಂದು ಸಲ ತೋರಿಸಿದರೆ ತಿಳಿಯುವುದಿಲ್ಲ ಎಂದುಕೊಂಡಿದ್ದಾರಲ್ಲ, ನನ್ನ ನೋವು ಅದಕ್ಕೆ. ಹಿಂದಿ ಬಾರದ ನನ್ನ ಹೆಂಡತಿಗೆ ತಿಳಿದಿತ್ತು.

ಪ್ರಶ್ನೆ: ಕನ್ನಡ ಚಿತ್ರಗಳಲ್ಲಿ ನಿಮ್ಮ ಮೆಚ್ಚಿನ ಊಟದ ದೃಶ್ಯ?
(ಓದುಗರೊಬ್ಬರು, ನಾಗಮಂಗಲ)

ಯೋಚಿಸುವುದೇ ಬೇಡ. ಸಿದ್ದಲಿಂಗಯ್ಯನವರ ‘ಭೂತಯ್ಯನ ಮಗ ಅಯ್ಯು’ ಚಿತ್ರದಲ್ಲಿ ಲೋಕನಾಥ್ ಉಪ್ಪಿನಕಾಯಿ ತಿನ್ನುವುದು. ಆ ಒಂದು ದೃಶ್ಯದಿಂದ ಅವರು ಜೀವಮಾನವಿಡೀ ಉಪ್ಪಿನಕಾಯಿ ಲೋಕನಾಥ್ ಆದರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆ, ದ್ವೇಷ, ಪ್ರವಾಹ, ಭೂತಯ್ಯನಾಗಿ ಮೈಸೂರಿನ ಎಂ.ಪಿ. ಶಂಕರ್ ಅವರ ಗುಡುಗು ಎಲ್ಲ ಇದ್ದರೂ, ಟೆಂಟಿನಲ್ಲಿ ಮಣ್ಣಿನ ಮೇಲೆ ಕುಳಿತವರು ಬೆರಳು ಚೀಪಿದ್ದು ಅಲ್ಲಿ. ನಮ್ಮ ಟೆಂಟಿನ ಎದುರು ಹೋಟೆಲ್ ಇಟ್ಟಿದ್ದವರು, ಆಟ ಬಿಟ್ಟ ಮೇಲೆ ಬಂದವರೆಲ್ಲ ಎರಡೆರಡು ಸಲ ಉಪ್ಪಿನಕಾಯಿ ಕೇಳುತ್ತಾರೆಂದು ಆ ಚಿತ್ರ ಇರುವಷ್ಟು ದಿನವೂ ಗೊಣಗಿದರು.

ಪ್ರಶ್ನೆ: ನಮ್ಮ ಅಪ್ಪನಿಗೆ ‘ನಾಗರಹಾವು’ ಚಿತ್ರದ ಚಾಮಯ್ಯ ಮೇಷ್ಟ್ರು ದೇವರು. ನನಗೆ ಅವರನ್ನು ಕಂಡರೆ ಸಿಟ್ಟು. ಶಿಷ್ಯನ ಬಾಳು ಹಾಳು ಮಾಡಿದ್ದೇ ಅವರು. ಯಾರು ಸರಿ?
(ಕಾಲೇಜು ವಿದ್ಯಾರ್ಥಿ, ಮೈಸೂರು)

ಈ ಚಿತ್ರವನ್ನು ನಾನು ಎರಡು ಕಾಲದ ಜನರ ಜೊತೆ ನೋಡಿದ್ದೇನೆ. ಎಪ್ಪತ್ತರ ದಶಕದಲ್ಲಿ ಮೇಷ್ಟ್ರು ಬಂದು ಶಿಷ್ಯ ರಾಮಾಚಾರಿಯನ್ನು, ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಕೇಳುವಾಗ ಗಾಂಧಿ ಕ್ಲಾಸಿನಿಂದ ಬಾಲ್ಕನಿಯವರೆಗೆ ಮೂಗು ಸೀಟುವ ಸದ್ದು ಕೇಳುತ್ತಿತ್ತು. ಅಳುತ್ತಿದ್ದದ್ದು ಮೇಷ್ಟ್ರ ಪರವಾಗಿ. 2018ರಲ್ಲಿ ಹೊಸ ತಂತ್ರದಲ್ಲಿ ಮತ್ತೆ ಬಿಡುಗಡೆಯಾದಾಗ ಮೈಸೂರಿನಲ್ಲಿ ನೋಡಿದೆ. ಅದೇ ಘಟ್ಟದಲ್ಲಿ ನನ್ನ ಪಕ್ಕದ ಹುಡುಗಿ, ‘ಬೇಡ, ಒಪ್ಪಿಕೊಳ್ಳಬೇಡ’ ಎಂದು ಗಟ್ಟಿಯಾಗಿ ಹೇಳಿಬಿಟ್ಟಳು. ಯಾರೂ ಅವಳನ್ನು ಸುಮ್ಮನಿರು ಎನ್ನಲಿಲ್ಲ.

ನಾನು ಈಗ ನಿನ್ನ ಕಡೆ ತಮ್ಮಾ. ಮೇಷ್ಟ್ರು ಒಳ್ಳೆಯವರು, ರಾಮಾಚಾರಿಯನ್ನು ಊರಿಗೆ ಊರೇ ದೂರಿದಾಗ ಹತ್ತಿರ ಕರೆದವರು. ಆ ಪ್ರೀತಿಯನ್ನೇ ಸಾಲದ ಹಾಗೆ ವಸೂಲಿ ಮಾಡುತ್ತಾರೆ. ಅಲಮೇಲು ಮುಂದೆ ಎಂಥ ನರಕಕ್ಕೆ ಬೀಳುತ್ತಾಳೆ ಎಂಬುದನ್ನು ಪುಟ್ಟಣ್ಣ ಮರೆಮಾಚದೆ ತೋರಿಸಿದ್ದಾರೆ. ಮೇಷ್ಟ್ರೇ ಸರಿ ಎಂದು ಅವರಿಗೆ ಅನ್ನಿಸಿದ್ದರೆ ಅದನ್ನು ಇಡುತ್ತಿರಲಿಲ್ಲ. ಆದರೂ ನಿನ್ನ ಅಪ್ಪನ ಮುಂದೆ ಒಂದು ಮಾತು ಒಪ್ಪಿಕೋ. ತಪ್ಪು ಕೇಳುತ್ತಿರುವವನ ಮೇಲೂ ನಮಗೆ ಕರುಣೆ ಹುಟ್ಟುವ ಹಾಗೆ ಕೆ.ಎಸ್. ಅಶ್ವಥ್ ನಟಿಸಿದ್ದಾರೆ. ಕೇಳುವಾಗ ಅವರ ಕಣ್ಣು ನೋಡು. ಆಜ್ಞೆ ಮಾಡುತ್ತಿರುವವನ ಕಣ್ಣಲ್ಲ ಅದು.

ಪ್ರಶ್ನೆ: ನಾನು ಎಲ್ಲವನ್ನೂ ಮೊಬೈಲಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ನೋಡುತ್ತೇನೆ. ಸಮಯ ಉಳಿಯುತ್ತದೆ, ಕಥೆಯೂ ತಿಳಿಯುತ್ತದೆ. ಇದರಲ್ಲಿ ನಷ್ಟವೇನು?
(ಐಟಿ ಉದ್ಯೋಗಿ, ಹೆಬ್ಬಾಳು, ಮೈಸೂರು)

ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕಟ್ಟು ಓಡಬೇಕು ಎಂದು ತಯಾರಾದ ಚಿತ್ರವನ್ನು ನೀವು ಮೂವತ್ತಾರು ಓಡಿಸುತ್ತಿದ್ದೀರಿ. ನಮ್ಮ ಯಂತ್ರದಲ್ಲಿ ಹಾಗಾಗಿದ್ದರೆ ಗಾಂಧಿ ಕ್ಲಾಸಿನವರು ಕುರ್ಚಿ ಮುರಿಯುತ್ತಿದ್ದರು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ಒಂದು ಸಲ ಅದರದೇ ವೇಗದಲ್ಲಿ ನೋಡಿ. 1977ರ ಕಪ್ಪುಬಿಳುಪು ಚಿತ್ರ, ಯು.ಆರ್. ಅನಂತಮೂರ್ತಿಯವರ ಕಥೆ. ವೇದ ಕಲಿಯಲು ಬಂದ ನಾಣಿ ಎಂಬ ಪುಟ್ಟ ಹುಡುಗ, ಗುರುವಿನ ವಿಧವೆ ಮಗಳು ಯಮುನಾ. ಅವಳು ಬಸಿರಾಗುತ್ತಾಳೆ. ಅಪ್ಪ, ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾನೆ. ಆ ಮನೆಯಲ್ಲಿ ಅವಳ ಪಾಲಿಗೆ ಇದ್ದವನು ಈ ಹುಡುಗ ಒಬ್ಬನೇ. ಕೊನೆಯಲ್ಲಿ ನಾಣಿಯನ್ನು ಅವನ ಅಪ್ಪ ಊರಿಗೆ ಕರೆದೊಯ್ಯುವಾಗ, ತಲೆ ಬೋಳಿಸಿದ ಯಮುನಾ ಮರದ ಕೆಳಗೆ ಒಬ್ಬಳೇ ಕುಳಿತಿರುವುದು ಅವನ ಕಣ್ಣಿಗೆ ಬೀಳುತ್ತದೆ. ನಿಮ್ಮ ವೇಗದಲ್ಲಿ ಇದರ ಕಥೆ ಖಂಡಿತ ತಿಳಿಯುತ್ತದೆ: ಹುಡುಗ ಹೋದ, ಹೆಂಗಸು ಕುಳಿತಿದ್ದಳು. ಹುಡುಗನಿಗೆ ಹೋಗಲು ಎಷ್ಟು ಕಷ್ಟವಾಯಿತು ಎಂಬುದು ತಿಳಿಯುವುದಿಲ್ಲ. ಏಕೆಂದರೆ ಆ ಕಷ್ಟ ಇರುವುದು ಅವನು ತೆಗೆದುಕೊಳ್ಳುವ ಹೊತ್ತಿನಲ್ಲಿ.

ಒಂದು ಭಾನುವಾರ ಬೆಳಿಗ್ಗೆ ಫಿಲ್ಮ್ ಸೊಸೈಟಿಯವರು ಇದನ್ನು ನಮ್ಮಲ್ಲಿ ತೋರಿಸಿದರು. ಬಂದವರು ಮೂವತ್ತು ಜನ ಇರಬಹುದು. ಮುಗಿದ ಮೇಲೆ ದೀಪ ಹಾಕಲು ನನ್ನ ಕೈ ಸ್ವಿಚ್ಚಿನ ಮೇಲೆ ಹೋಯಿತು, ಹಾಕಲಿಲ್ಲ. ಬಿಳಿ ಪರದೆಯ ಮುಂದೆ ಅಷ್ಟೂ ಜನ ಕತ್ತಲಲ್ಲೇ ಕುಳಿತಿದ್ದರು. ಅವರಲ್ಲಿ ಒಬ್ಬರು ಎದ್ದ ಮೇಲೆ ಹಾಕಿದೆ. ಈ ಚಿತ್ರವನ್ನು ದುರಸ್ತಿ ಮಾಡಿ ಹೊಸ ಪ್ರತಿಯನ್ನು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದ್ದಾರೆ. ಮೈಸೂರಿನಲ್ಲಿ ಎಲ್ಲಾದರೂ ದೊಡ್ಡ ಪರದೆಗೆ ಬಂದರೆ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಹೋಗಿ.

ಪ್ರಶ್ನೆ: ‘ಕಾಂತಾರ’ ನಿಮಗೆ ಹಿಡಿಸಿತೇ? ಎಲ್ಲರೂ ಹೊಗಳುತ್ತಾರೆ.
(ಓದುಗರೊಬ್ಬರು, ಪಿರಿಯಾಪಟ್ಟಣ)

2022ರ ಮೊದಲ ಚಿತ್ರದ ಮಾತು ಹೇಳುತ್ತೇನೆ. ಕೊನೆಯ ಭಾಗಕ್ಕೆ ನಾನು ಎರಡೂ ಕೈ ಎತ್ತಿ ಮುಗಿಯುತ್ತೇನೆ. ಶಿಳ್ಳೆ ಹಾಕಿಕೊಂಡು ಬಂದಿದ್ದ ಹುಡುಗರು ರಿಷಬ್ ಶೆಟ್ಟಿಯವರ ಮೈಮೇಲೆ ದೈವ ಬಂದ ಮೇಲೆ ಉಸಿರು ಬಿಗಿಹಿಡಿದು ಕುಳಿತರು. ಮಾತಿಲ್ಲ, ಬರೀ ಕೂಗು ಮತ್ತು ಕೈಸನ್ನೆ. ಆದರೂ ಯಾರಿಗೆ ಏನು ಹೇಳಿದರು ಎಂದು ನನ್ನ ಎಂಟು ವರ್ಷದ ಮೊಮ್ಮಗನಿಗೂ ತಿಳಿಯಿತು. ಆದರೆ ಅದೇ ನಾಯಕ ಮೊದಲ ಭಾಗದಲ್ಲಿ ಹುಡುಗಿಯ ಸೊಂಟ ಚಿವುಟಿ ಅದನ್ನೇ ಪ್ರೀತಿ ಎನ್ನುತ್ತಾನೆ. ಅರಣ್ಯ ಇಲಾಖೆಯ ಕೆಲಸ ಗಿಟ್ಟಿಸಿಕೊಂಡ ಹುಡುಗಿ ಆಕೆ, ಕಾಡಿಗೂ ಕಾನೂನಿಗೂ ನಡುವೆ ಸಿಕ್ಕಿಕೊಂಡವಳು. ಅವಳ ಇಕ್ಕಟ್ಟಿನಲ್ಲೇ ಒಂದು ಇಡೀ ಚಿತ್ರ ಇತ್ತು. ಅದನ್ನು ಬಿಟ್ಟುಕೊಟ್ಟರಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಪ್ರಶ್ನೆ: ಟಿವಿಯಲ್ಲಿ ಹಳೆಯ ಚಿತ್ರ ಬರುವಾಗ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ದುಂಡನೆಯ ಚುಕ್ಕೆ ಮಿಂಚಿ ಮಾಯವಾಗುತ್ತದೆ. ಅದು ಏನು?
(ಏಳನೆಯ ತರಗತಿ ವಿದ್ಯಾರ್ಥಿನಿ, ಮಂಡ್ಯ)

ಚೆನ್ನಾಗಿ ಗಮನಿಸಿದ್ದೀಯ ಮಗು. ಅದು ನನ್ನಂಥವರಿಗಾಗಿ ಇಟ್ಟ ಗುರುತು. ಇಡೀ ಚಿತ್ರ ಒಂದೇ ಸುರುಳಿಯಲ್ಲಿ ಇರುತ್ತಿರಲಿಲ್ಲ. ಎರಡೆರಡು ರೀಲು ಅಂಟಿಸಿಕೊಂಡು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಬದಲಾಯಿಸುತ್ತಿದ್ದೆವು. ಮೊದಲ ಚುಕ್ಕೆ ಕಂಡರೆ ಎರಡನೆಯ ಯಂತ್ರದ ಮೋಟಾರು ಶುರು ಮಾಡಬೇಕು. ಸುಮಾರು ಏಳೆಂಟು ಸೆಕೆಂಡಿನ ನಂತರ ಇನ್ನೊಂದು ಚುಕ್ಕೆ ಬರುತ್ತದೆ. ಆಗ ಈ ಯಂತ್ರದ ಬೆಳಕು ಮುಚ್ಚಿ ಆ ಯಂತ್ರದ್ದು ತೆರೆಯಬೇಕು. ಚುಕ್ಕೆ ಇರುವುದು ನಾಲ್ಕೇ ಚೌಕಟ್ಟು, ಅಂದರೆ ಸೆಕೆಂಡಿನ ಆರನೆಯ ಒಂದು ಭಾಗ. ರೆಪ್ಪೆ ಬಡಿದರೆ ಹೋಯಿತು. ಸರಿಯಾಗಿ ಮಾಡಿದರೆ ಕೆಳಗೆ ಕುಳಿತವರಿಗೆ ಬದಲಾಯಿಸಿದ್ದೇ ಗೊತ್ತಾಗುವುದಿಲ್ಲ.

ಹಳೆಯ ಪ್ರಿಂಟುಗಳಲ್ಲಿ ಆ ಚುಕ್ಕೆ ಸವೆದು ಕಾಣದಂತಾಗಿರುತ್ತಿತ್ತು. ಆಗ ಕೆಲವು ಆಪರೇಟರ್‌ಗಳು ಫಿಲಂ ಮೇಲೆ ಮೊಳೆಯಿಂದ ತಮ್ಮದೇ ಗುರುತು ಗೀರಿಕೊಳ್ಳುತ್ತಿದ್ದರು. ಹಾಗೆ ಮಾಡಬಾರದು. ಆದರೆ ನಾನೂ ಎರಡು ಸಲ ಮಾಡಿದ್ದೇನೆ. ದುಂಡನೆಯ ಚುಕ್ಕೆಯ ಬದಲು ಸೊಟ್ಟಗಿನ ಎರಡು ಅಡ್ಡ ಗೆರೆ ಎಲ್ಲಾದರೂ ಕಂಡರೆ, ಯಾವ ಚಿತ್ರ ಎಂದು ನನಗೆ ಬರೆದು ತಿಳಿಸು.